ಫ್ರೋಜನ್‌ನ ಹಾನ್ಸ್: ಒಳ್ಳೆಯ ಖಳನಾ, ಪ್ರೇಕ್ಷಕರಿಗೆ ಮಾಡಿದ ಮೋಸನಾ?

ಮಲ್ಲಿಗೆಬಳ್ಳಿ:
ಕ್ರಿಸ್‌ಮಸ್ ರಜೆಯಲ್ಲಿ ಮಗಳ ಜೊತೆ ಡಿಸ್ನಿಯ ಅನಿಮೇಷನ್ ಚಿತ್ರ ಫ್ರೋಜನ್ ನೋಡಿದೆವು. ಹಾಡು ಅವಳಿಗೆ ಬಾಯಿಪಾಠ, ಆದರೆ ಕಥೆ ಪೂರ್ತಿ ನೋಡಿದ್ದು ಇದೇ ಮೊದಲು. ತೋಳಗಳು ಅಟ್ಟಿಸಿಕೊಂಡು ಬಂದಾಗ ನನ್ನ ಕೈ ಹಿಡಿದುಕೊಂಡಳು. ದೈತ್ಯ ಹಿಮಮನುಷ್ಯನನ್ನು ನೋಡಿ ನಕ್ಕಳು. ಆದರೆ ಸಾಯುವ ಸ್ಥಿತಿಯಲ್ಲಿದ್ದ ರಾಜಕುಮಾರಿ ಆನಾಗೆ ಅವಳನ್ನು ಉಳಿಸುವ ಮುತ್ತು ಕೊಡಲು, ಅವಳು ಮದುವೆಯಾಗಲಿದ್ದ ರಾಜಕುಮಾರ ಹಾನ್ಸ್ ಬಗ್ಗಿ, ಅರ್ಧಕ್ಕೇ ನಿಲ್ಲಿಸಿ, ನಿನ್ನನ್ನು ಪ್ರೀತಿಸುವವರು ಯಾರಾದರೂ ಇದ್ದಿದ್ದರೆ ಅಂದನಲ್ಲ, ಆಗ ಜೋರಾಗಿ ಅತ್ತುಬಿಟ್ಟಳು. ಪರದೆ ಎಳೆದು, ಬೆಂಕಿಗೆ ನೀರು ಸುರಿದು, ಬಾಗಿಲಿಗೆ ಬೀಗ ಹಾಕಿಕೊಂಡು ಹೋಗುತ್ತಾನೆ. ನನಗೂ ಮೈ ಜುಮ್ಮೆಂದಿತು. ಆದರೆ ನನ್ನ ತಮ್ಮ ಇದನ್ನು ಒಪ್ಪುವುದಿಲ್ಲ. ಸುಳಿವೇ ಕೊಡದೆ ಒಬ್ಬನನ್ನು ಕೆಟ್ಟವನು ಅಂತ ತೋರಿಸುವುದು ಸೋಮಾರಿ ಕಥೆಗಾರಿಕೆ ಅನ್ನುತ್ತಾನೆ. ನಿಮಗೆ ಏನನಿಸುತ್ತದೆ?

ಕರಾವಳಿ_ಹುಡುಗ:
ನಿಮ್ಮ ತಮ್ಮನ ಮಾತು ಸರಿ. ಶುರುವಿನಲ್ಲಿ ಬಂದರಿನ ದೃಶ್ಯ ನೆನಪಿದೆಯಾ? ಆನಾ ಓಡಿಹೋಗುತ್ತಾಳೆ, ಇವನು ದೋಣಿ ಸಮೇತ ನೀರಿಗೆ ಬೀಳುತ್ತಾನೆ, ದೋಣಿ ಎತ್ತಿ ಅವಳು ಹೋದ ಕಡೆ ನೋಡಿ ನಗುತ್ತಾನೆ. ಮನಸ್ಸು ಸೋತವನ ನಗು ಅದು. ಅಲ್ಲಿ ಅವನನ್ನು ಯಾರೂ ನೋಡುತ್ತಿಲ್ಲ, ನಾವು ಪ್ರೇಕ್ಷಕರು ಮಾತ್ರ. ಯಾರೂ ಇಲ್ಲದಾಗಲೂ ನಟಿಸುವವನು ನಮಗೆ ಸುಳ್ಳು ಹೇಳುತ್ತಿದ್ದಾನೆ ಅಂತಾಯಿತು, ಅಂದರೆ ಚಿತ್ರವೇ ಸುಳ್ಳು ಹೇಳುತ್ತಿದೆ.

ಯಕ್ಷಗಾನದಲ್ಲಿ ಪಂಚವಟಿ ಪ್ರಸಂಗ ನೋಡಿ. ಸನ್ಯಾಸಿಯ ವೇಷದಲ್ಲಿ ಬಂದವನು ರಾವಣ ಅಂತ ನಮಗೆಲ್ಲ ಗೊತ್ತಿರುತ್ತದೆ, ಗೊತ್ತಿಲ್ಲದಿರುವುದು ಸೀತೆಗೆ ಮಾತ್ರ. ಅವಳು ಭಿಕ್ಷೆ ಹಾಕಲು ಹೊರಗೆ ಬರುವಾಗ ನಮಗೆ ಬೇಡಮ್ಮಾ ಅಂತ ಕೂಗಬೇಕು ಅನ್ನಿಸುತ್ತದೆ, ಆ ಸಂಕಟವೇ ಆ ದೃಶ್ಯದ ಶಕ್ತಿ. ಫ್ರೋಜನ್‌ನಲ್ಲಿ ಅದನ್ನು ಬಿಟ್ಟು ಒಂದು ಕ್ಷಣದ ಶಾಕ್ ಕೊಟ್ಟರು. ಎರಡನೇ ಸಲ ನೋಡುವಾಗ ಶಾಕ್ ಕೂಡ ಇರುವುದಿಲ್ಲ ಅಲ್ವಾ.

ಹಿಮಸಾರಂಗ:
ಇಲ್ಲ, ಎರಡನೇ ಸಲವೇ ಚೆನ್ನಾಗಿ ಕಾಣುವುದು! ಹನ್ನೆರಡು ಜನ ಅಣ್ಣಂದಿರು ಅಂತ ಅವನೇ ಮೊದಲ ರಾತ್ರಿ ಹೇಳುತ್ತಾನೆ, ಅಂದರೆ ಸಿಂಹಾಸನ ಸಿಗುವ ಆಸೆಯೇ ಇಲ್ಲ. ಜೋಡಿ ಹಾಡಿನಲ್ಲಿ ಆನಾ ತನ್ನ ಮುಂದೆ ಸದಾ ಮುಚ್ಚಿದ್ದ ಬಾಗಿಲುಗಳ ಬಗ್ಗೆ ಹಾಡುತ್ತಾಳೆ, ಇವನು ಜೀವನವಿಡೀ ತನ್ನದೊಂದು ಜಾಗ ಹುಡುಕುತ್ತಿದ್ದೆ ಅಂತ ಹಾಡುತ್ತಾನೆ. ಅವಳಿಗೆ ಬೇಕಿರುವುದು ಪ್ರೀತಿ, ಇವನಿಗೆ ಬೇಕಿರುವುದು ಜಾಗ. ಹಿಮದ ಅರಮನೆಯಲ್ಲಿ ಆನಾಳ ಅಕ್ಕ, ಹಿಮದ ಶಕ್ತಿಯಿರುವ ರಾಣಿ ಎಲ್ಸಾಗೆ ಗುರಿಯಿಟ್ಟಿದ್ದ ಬಿಲ್ಲನ್ನು ಪಕ್ಕಕ್ಕೆ ತಳ್ಳಿ ಕಾಪಾಡುತ್ತಾನೆ, ಆದರೆ ಬಾಣ ಹೋಗಿ ಬಡಿಯುವುದು ಅವಳ ತಲೆ ಮೇಲಿದ್ದ ತೂಗುದೀಪಕ್ಕೆ. ಅದಕ್ಕೂ ಮುಂಚೆ ಅವನು ಮೇಲೆ ನೋಡುತ್ತಾನೆ, ಅಲ್ಲಿ ಒಮ್ಮೆ ನಿಲ್ಲಿಸಿ ನೋಡಿ.

ಇನ್ನೊಂದು ವಿಷಯ. ಮೊದಲಿಗೆ ಖಳನಾಯಕಿ ಆಗಬೇಕಿದ್ದವಳು ಎಲ್ಸಾ. ಅವಳಿಗಾಗಿ ಲೋಪೆಜ್ ದಂಪತಿ ಬರೆದ 'ಲೆಟ್ ಇಟ್ ಗೋ' ಹಾಡು ಕೇಳಿದ ಮೇಲೆ ಇವಳು ಕೆಟ್ಟವಳಾಗಲು ಸಾಧ್ಯವಿಲ್ಲ ಅಂತ ಚಿತ್ರತಂಡ ಕಥೆಯನ್ನೇ ತಿರುಗಿಸಿತು. ಅದೇ ಹಾಡಿಗೆ 2014ರಲ್ಲಿ ಆಸ್ಕರ್ ಬಂತು. ಎಲ್ಸಾ ಬಿಟ್ಟ ಜಾಗದಲ್ಲಿ ಬೇರೆ ಯಾರೋ ನಿಲ್ಲಲೇಬೇಕಿತ್ತು.

ಕರಾವಳಿ_ಹುಡುಗ:
ಹಾಡಿನ ವಿಷಯ ಒಪ್ಪಿದೆ, ಅದನ್ನು ನಾನು ಗಮನಿಸಿರಲಿಲ್ಲ. ದೋಣಿಯ ನಗು ಮಾತ್ರ ಒಪ್ಪಲ್ಲ.

ಅಜ್ಜಿಕಥೆ:
ಆ ನಗುವಿಗೆ ನನ್ನ ಹತ್ತಿರ ಒಂದು ಉತ್ತರ ಇದೆ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಈ ಚಿತ್ರಕ್ಕೆ ಪ್ರೇರಣೆ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1844ರಲ್ಲಿ ಬರೆದ ಹಿಮರಾಣಿಯ ಕಥೆ. ಅದು ಶುರುವಾಗುವುದೇ ಒಂದು ಕೆಟ್ಟ ಕನ್ನಡಿಯಿಂದ. ಅದರಲ್ಲಿ ಒಳ್ಳೆಯದೆಲ್ಲ ಕುಗ್ಗಿ ಕಾಣುತ್ತದೆ, ಕೆಟ್ಟದ್ದು ಎದ್ದು ಕಾಣುತ್ತದೆ. ಕನ್ನಡಿ ಒಡೆದು ಚೂರುಗಳು ಜನರ ಕಣ್ಣಿಗೆ, ಎದೆಗೆ ಹೋಗುತ್ತವೆ. ಚಿತ್ರದಲ್ಲಿ ಕನ್ನಡಿ ಇಲ್ಲ, ಆದರೆ ಹಾನ್ಸ್‌ನನ್ನೇ ಕನ್ನಡಿ ಅಂದುಕೊಂಡು ನೋಡಿ. ಚುರುಕು ಹುಡುಗಿ ಆನಾ ಎದುರಿಗೆ ತಾನೂ ಚುರುಕು. ಹೆದರಿದ ಎಲ್ಸಾ ಎದುರಿಗೆ ಸಮಾಧಾನದ ಮಾತು. ಚಳಿಯಲ್ಲಿ ನಡುಗುವ ಜನರಿಗೆ ಮೇಲಂಗಿ ಹಂಚುವ ದೊರೆ. ಎದುರಿಗೆ ಇದ್ದವರಿಗೆ ಏನು ಬೇಕೋ ಅದೇ ಆಗುತ್ತಾನೆ. ಅವನ ಸ್ವಂತ ಮುಖ ನಮಗೆ ಕಾಣುವುದು ಆ ಬೆಂಕಿ ಆರಿಸುವ ಕೋಣೆಯಲ್ಲಿ ಮಾತ್ರ. ಹಾಗೆ ನೋಡಿದರೆ ದೋಣಿಯಲ್ಲಿ ಅವನು ತೋರಿಸಿದ್ದು ನಾವು ಪ್ರೇಕ್ಷಕರು ಬಯಸಿದ ನಗುವನ್ನೇ.

ಎರಡುಮಕ್ಕಳಮ್ಮ:
ಮಲ್ಲಿಗೆಬಳ್ಳಿ ಅವರೇ, ಮಗಳು ಅತ್ತಿದ್ದಕ್ಕೆ ಚಿಂತೆ ಮಾಡಬೇಡಿ. ನನ್ನ ದೊಡ್ಡವಳೂ ಹೀಗೇ ಅತ್ತಿದ್ದಳು. ಕೊಂಬು, ಕೋರೆಹಲ್ಲು ಇರುವವರ ಹತ್ತಿರ ಹೋಗಬಾರದು ಅಂತ ಮಕ್ಕಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ಚೆನ್ನಾಗಿ ಮಾತಾಡುವವರು, ಉಡುಗೊರೆ ತರುವವರು, ಇವರ ಬಗ್ಗೆ ಹೇಳುವುದೇ ಕಷ್ಟ. ಇವತ್ತು ಸಿಕ್ಕವನನ್ನು ಇವತ್ತೇ ಮದುವೆ ಆಗೋಕಾಗಲ್ಲ ಅಂತ ಎಲ್ಸಾ ಮೊದಲೇ ಹೇಳುತ್ತಾಳೆ, ಆನಾ ಜೊತೆ ಬೆಟ್ಟಕ್ಕೆ ಹೋಗುವ ಕ್ರಿಸ್ಟಾಫ್ ಕೂಡ ಹೇಳುತ್ತಾನೆ, ಅವನ ಅಡ್ಡಹೆಸರಾದರೂ ಗೊತ್ತಾ ಅಂತ ಕೇಳುತ್ತಾನೆ. ನಾನು ಆ ಜಾಗಗಳಲ್ಲಿ ಚಿತ್ರ ನಿಲ್ಲಿಸಿ ಮಕ್ಕಳ ಜೊತೆ ಮಾತಾಡಿದೆ. ಸುಮ್ನೆ ಬುದ್ಧಿ ಹೇಳಿದ್ದರೆ ಅವರು ಅಷ್ಟು ಹೊತ್ತು ಕೇಳುತ್ತಿರಲಿಲ್ಲ.

ಮತ್ತೆ ಆನಾಳನ್ನು ಉಳಿಸುವುದು ಯಾವ ಹುಡುಗನ ಮುತ್ತೂ ಅಲ್ಲ. ಹಾನ್ಸ್‌ನ ಕತ್ತಿಗೂ ಅಕ್ಕನಿಗೂ ನಡುವೆ ಅವಳೇ ಹೋಗಿ ನಿಲ್ಲುತ್ತಾಳೆ. ನನ್ನ ಮಕ್ಕಳು ಮತ್ತೆ ಮತ್ತೆ ಹಾಕಿಸಿಕೊಂಡು ನೋಡುವುದು ಆ ದೃಶ್ಯವನ್ನೇ.

ಹಳೇಪ್ರೇಕ್ಷಕ:
ಹಾನ್ಸ್ ಒಬ್ಬನೇ ಆಗಿದ್ದರೆ ನನಗೂ ಇಷ್ಟವೇ. ತೊಂದರೆ ಆಮೇಲೆ ಬಂದದ್ದು. 2014ರ ಬಿಗ್ ಹೀರೋ 6, 2016ರ ಜೂಟೋಪಿಯಾ, ಎರಡರಲ್ಲೂ ಒಳ್ಳೆಯವರ ಹಾಗೆ ಕಾಣುವವರೇ ಕೊನೆಗೆ ಕೆಟ್ಟವರು. ನಮ್ಮ ಮನೆಯ ಮಕ್ಕಳು ಈಗ ಹೊಸ ಚಿತ್ರ ಹಾಕಿದ ಕೂಡಲೇ ಯಾರು ಜಾಸ್ತಿ ನಗುತ್ತಾರೆ ಅಂತ ಹುಡುಕುತ್ತಾ ಕೂರುತ್ತಾರೆ, ಕಥೆ ನೋಡುವುದೇ ಇಲ್ಲ. ಬಂದ ಕೂಡಲೇ ನಾನೇ ಕೆಟ್ಟವನು ಅಂತ ಎದೆ ತಟ್ಟಿ ಹಾಡುವ ಒಬ್ಬ ಖಳ ಮತ್ತೆ ಬರಲಿ ಅಂತ ಕಾಯುತ್ತಿದ್ದೇನೆ. ಇತ್ತೀಚಿನ ಚಿತ್ರಗಳಲ್ಲಿ ಅಂಥವರು ಯಾರಾದರೂ ಇದ್ದರೆ ದಯವಿಟ್ಟು ಹೆಸರು ಹಾಕಿ, ಇನ್ನೂ ಎರಡು ದಿನ ರಜೆ ಇದೆ.