ದೇಹದಾರ್ಢ್ಯ ಸ್ಪರ್ಧೆಗೆ ಬೇಕಾದ ಕಂದು ಮೈಬಣ್ಣ: ಚರ್ಮ ಕೆಡಿಸಿಕೊಳ್ಳದೆ ಪಡೆಯುವುದು ಹೇಗೆ?

ಪ್ರಶ್ನೆ (ದಾವಣಗೆರೆಯಿಂದ)

ಮುಂದಿನ ತಿಂಗಳ ಜಿಲ್ಲಾ ಮಟ್ಟದ ದೇಹದಾರ್ಢ್ಯ ಸ್ಪರ್ಧೆಯಲ್ಲಿ ಮೊದಲ ಬಾರಿಗೆ ಭಾಗವಹಿಸುತ್ತಿದ್ದೇನೆ. ನನ್ನ ಮೈಬಣ್ಣ ತುಸು ಬೆಳ್ಳಗಿರುವುದರಿಂದ ವೇದಿಕೆಯ ಪ್ರಖರ ದೀಪಗಳ ಕೆಳಗೆ ಸ್ನಾಯುಗಳ ಗೆರೆಗಳು ಎದ್ದು ಕಾಣುವುದಿಲ್ಲವೆಂದೂ, ದಿನವೂ ಮಧ್ಯಾಹ್ನ ಮೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ತಾರಸಿಯ ಮೇಲೆ ಒಂದು ಗಂಟೆ ಮಲಗಬೇಕೆಂದೂ ಜಿಮ್ಮಿನ ಹಿರಿಯರೊಬ್ಬರು ಹೇಳಿದರು. ನಾಲ್ಕು ದಿನ ಹಾಗೆಯೇ ಮಾಡಿದೆ. ಬೆನ್ನು ಕಂದಾಗುವ ಬದಲು ಕೆಂಪಾಗಿದೆ, ಬನಿಯನ್ ತಾಗಿದರೂ ಉರಿಯುತ್ತದೆ, ಭುಜದ ಮೇಲೆ ಸಿಪ್ಪೆ ಏಳುತ್ತಿದೆ. 'ಬಿಸಿಲಿಗೆ ಹೋಗಬೇಡ, ಕಪ್ಪಾಗುತ್ತೀಯ' ಎಂದು ಚಿಕ್ಕಂದಿನಿಂದ ಗದರಿಸುತ್ತಿದ್ದ ಅಮ್ಮನಿಗೆ ಇದೇನೆಂದೇ ಅರ್ಥವಾಗುತ್ತಿಲ್ಲ. ಬೇರೆ ದಾರಿ ಇದೆಯೇ? ಮಾತ್ರೆ, ಇಂಜೆಕ್ಷನ್‌ಗಳೂ ಸಿಗುತ್ತವೆಂದು ಕೇಳಿದ್ದೇನೆ.

ಉತ್ತರ 1 (ಚರ್ಮರೋಗ ವೈದ್ಯೆ, ಹುಬ್ಬಳ್ಳಿ)

ತಾರಸಿಯ ಮೇಲೆ ಮಲಗುವುದನ್ನು ಇಂದೇ ನಿಲ್ಲಿಸಿ. ನೇರಳಾತೀತ ಕಿರಣಗಳಿಂದ ಜೀವಕೋಶಗಳ ಡಿಎನ್‌ಎಗೆ ಪೆಟ್ಟು ಬಿದ್ದಾಗ, ಮತ್ತಷ್ಟು ಪೆಟ್ಟು ಬೀಳದಿರಲೆಂದು ಚರ್ಮವು ತನಗೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತುವನ್ನು ಹೆಚ್ಚು ತಯಾರಿಸುತ್ತದೆ. ನಾವು ಟ್ಯಾನ್ ಎನ್ನುವುದು ಅದನ್ನೇ. ಆದ್ದರಿಂದ ಬಿಸಿಲಿನಿಂದ ಬರುವ ಟ್ಯಾನ್‌ನಲ್ಲಿ ಹಾನಿಯಿಲ್ಲದ್ದು ಎಂಬುದಿಲ್ಲ. ಕೃತಕ ದೀಪಗಳ ಟ್ಯಾನಿಂಗ್ ಹಾಸಿಗೆಯೂ ಪರಿಹಾರವಲ್ಲ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2009ರಲ್ಲಿ ಅದನ್ನು ತಂಬಾಕು ಇರುವ, ಕ್ಯಾನ್ಸರ್ ತರುವುದು ಖಚಿತವಾದವುಗಳ ಪಟ್ಟಿಗೇ ಸೇರಿಸಿತು.

ನಿಮಗೆ ಬೇಕಾದದ್ದು ಡೈಹೈಡ್ರಾಕ್ಸಿಅಸಿಟೋನ್, ಅಂದರೆ ಡಿಎಚ್‌ಎ ಇರುವ ಸೆಲ್ಫ್ ಟ್ಯಾನಿಂಗ್ ಲೋಷನ್. 1950ರ ದಶಕದಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಮಕ್ಕಳಿಗೆ ಇದನ್ನು ಔಷಧಿಯಾಗಿ ಕುಡಿಸುತ್ತಿದ್ದಾಗ, ಚೆಲ್ಲಿದ ಕಡೆ ಅವರ ಚರ್ಮ ಕಂದಾಗಿ, ಬಟ್ಟೆ ಮಾತ್ರ ಹಾಗೆಯೇ ಉಳಿದದ್ದು ಕಣ್ಣಿಗೆ ಬಿತ್ತು. ಚರ್ಮದ ತೀರಾ ಮೇಲಿನ ಸತ್ತ ಪದರದ ಅಮೈನೋ ಆಮ್ಲಗಳೊಡನೆ ಸೇರಿ ಅದು ಬಣ್ಣ ಕಟ್ಟುತ್ತದೆ. ಹೆಂಚಿನ ಮೇಲೆ ದೋಸೆ ಕೆಂಪಗಾಗುವುದೂ ಇದೇ ಜಾತಿಯ ಕ್ರಿಯೆ, ಇಲ್ಲಿ ಬೆಂಕಿಯಿಲ್ಲ ಅಷ್ಟೆ. ಆ ಪದರ ಉದುರುತ್ತ ಹೋದಂತೆ ಸುಮಾರು ಒಂದು ವಾರದೊಳಗೆ ಬಣ್ಣವೂ ಮಾಸುತ್ತದೆ. ತೊನ್ನಿನ ಬಿಳಿ ಮಚ್ಚೆಗಳನ್ನು ಮರೆಮಾಚಲು ನಾವೂ ಇದನ್ನು ಸೂಚಿಸುವುದುಂಟು. ಸ್ಪ್ರೇ ರೂಪದಲ್ಲಿ ಬಳಸುವುದಾದರೆ ಅದು ಉಸಿರಿನೊಳಗೆ, ಕಣ್ಣಿಗೆ, ತುಟಿಗೆ ಹೋಗಬಾರದು. ಈ ಬಣ್ಣ ಬಿಸಿಲನ್ನು ತಡೆಯುವುದಿಲ್ಲವಾದ್ದರಿಂದ ಹೊರಗೆ ಹೋಗುವಾಗ ಸನ್‌ಸ್ಕ್ರೀನ್ ಬೇಕೇ ಬೇಕು.

ಮಾತ್ರೆಗಳಲ್ಲಿರುವ ಕ್ಯಾಂಥಾಕ್ಸಾಂಥಿನ್ ಎಂಬ ಬಣ್ಣದ ವಸ್ತು ಕಣ್ಣಿನ ಅಕ್ಷಿಪಟಲದಲ್ಲಿ ಹರಳುಗಟ್ಟಬಲ್ಲದು. ಮೆಲನೊಟಾನ್ ಹೆಸರಿನ ಇಂಜೆಕ್ಷನ್‌ನ ತಂಟೆಗೂ ಹೋಗಬೇಡಿ.

ಉತ್ತರ 2 (ಮಾಜಿ ಸ್ಪರ್ಧಿ, ಮಂಗಳೂರು)

ಡಾಕ್ಟರ್ ಹೇಳಿದ್ದು ಸರಿ. ಕೈಯಾರೆ ಕಲಿತದ್ದನ್ನು ಮಾತ್ರ ಸೇರಿಸುತ್ತೇನೆ. ನನ್ನ ಮೊದಲ ಸ್ಪರ್ಧೆಯ ಹಿಂದಿನ ರಾತ್ರಿ ಲೋಷನ್ ಬಳಿದುಕೊಂಡು ಕೈ ತೊಳೆಯದೆ ಮಲಗಿಬಿಟ್ಟೆ. ಬೆಳಿಗ್ಗೆ ಅಂಗೈಗಳು ಮಾಗಿದ ಕಿತ್ತಳೆಯ ಬಣ್ಣಕ್ಕೆ ತಿರುಗಿದ್ದವು, ಮೊಣಕೈ ಮತ್ತು ಹಿಮ್ಮಡಿಗಳು ಹೊಗೆ ಹಿಡಿದ ಪಾತ್ರೆಯಂತೆ ಕಪ್ಪಾಗಿದ್ದವು. ಒಣಗಿದ, ದಪ್ಪ ಚರ್ಮ ಬಣ್ಣವನ್ನು ಹೆಚ್ಚು ಹೀರುತ್ತದೆ. ಹಾಗಾಗಿ ಕೂದಲು ತೆಗೆಯುವುದನ್ನು ಒಂದೆರಡು ದಿನ ಮೊದಲೇ ಮುಗಿಸಿ, ಒರಟು ಬಟ್ಟೆಯಿಂದ ಮೈಯುಜ್ಜಿ ಸ್ನಾನ ಮಾಡಿ, ಮೊಣಕೈ, ಮೊಣಕಾಲು, ಹಿಮ್ಮಡಿಗಳಿಗೆ ಮಾತ್ರ ತೆಳುವಾಗಿ ಮಾಯಿಶ್ಚರೈಸರ್ ಹಚ್ಚಿಕೊಳ್ಳಿ. ಕೈಗವಸು ತೊಟ್ಟು ತೆಳುವಾದ ಲೇಪ ಹಚ್ಚಿ, ಅದು ಒಣಗಿದ ಮೇಲೆ ಮತ್ತೊಂದು ಹಚ್ಚಿ. ಬಣ್ಣ ಕೆಲವು ಗಂಟೆಗಳ ನಂತರ ಏರುವುದರಿಂದ, ತಕ್ಷಣ ಕಾಣಿಸಲಿಲ್ಲವೆಂದು ಮೇಲಿಂದ ಮೇಲೆ ಬಳಿಯಬೇಡಿ. ಬೆನ್ನಿಗೆ ಸ್ನೇಹಿತರೊಬ್ಬರು ಬೇಕು. ಹಳೆಯ ಬೆಡ್‌ಶೀಟ್ ಹಾಸಿಕೊಳ್ಳಿ. ಬೆವರಿದರೆ ಬಣ್ಣದ ಮೇಲೆ ಗೀರುಗಳು ಬೀಳುತ್ತವೆ, ಅದಕ್ಕೇ ಅಂದು ಫ್ಯಾನಿನ ಕೆಳಗಿರಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಸಿಪ್ಪೆ ಏಳುತ್ತಿರುವ ಭುಜದ ಮೇಲೆ ಈಗಲೇ ಲೋಷನ್ ಹಚ್ಚಿ ನೋಡಬಹುದೇ?

ಉತ್ತರ 1ರ ವೈದ್ಯೆ

ಈಗ ಬೇಡ. ಸಿಪ್ಪೆ ಉದುರುವಲ್ಲಿ ಬಣ್ಣ ಮಚ್ಚೆ ಮಚ್ಚೆಯಾಗಿ ಕೂರುತ್ತದೆ, ಉರಿಯೂ ಹೆಚ್ಚಬಹುದು. ತಣ್ಣೀರಿನ ಬಟ್ಟೆ, ಸುಗಂಧವಿಲ್ಲದ ಮಾಯಿಶ್ಚರೈಸರ್, ಹತ್ತಿಯ ಸಡಿಲ ಅಂಗಿ ಸದ್ಯಕ್ಕೆ ಸಾಕು. ಸಿಪ್ಪೆಯನ್ನು ಕೀಳಬೇಡಿ, ಬೊಬ್ಬೆ ಎದ್ದರೆ ವೈದ್ಯರಿಗೆ ತೋರಿಸಿ. ಚರ್ಮ ಪೂರ್ತಿ ಮಾಗಿದ ಮೇಲೆ ಮೊದಲು ಮುಂದೋಳಿನ ಒಳಬದಿಗೆ ಸ್ವಲ್ಪ ಹಚ್ಚಿ ಒಂದೆರಡು ದಿನ ಕಾದು, ತುರಿಕೆಯಾಗದಿದ್ದರೆ ಸ್ಪರ್ಧೆಗೆ ವಾರವಿರುವಾಗ ಒಂದು ಕಾಲಿಗೆ ಪ್ರಯೋಗ ಮಾಡಿ ನೋಡಿ.