ಹತ್ತನೇ ಕ್ಲಾಸಿಗೆ ಡ್ರಾಯಿಂಗ್, ನಾಟಕ ಬೇಕಾ? ಓದುಗರ ಸ್ಪಂದನ

ಕಳೆದ ವಾರದ ಸಮಸ್ಯೆ

ನಾವು ಕಲಬುರಗಿಯವರು. ಮಗಳು ಈ ವರ್ಷ ಹತ್ತನೇ ಕ್ಲಾಸು. ಅವಳ ಶಾಲೆಯಲ್ಲಿ ಹೈಸ್ಕೂಲ್ ಮಕ್ಕಳಿಗೆ ವಾರಕ್ಕೆ ಎರಡು ಸಂಜೆ, ಒಂದೂವರೆ ತಾಸಿನ ಹಾಗೆ, ಚಿತ್ರಕಲೆ, ತಬಲಾ, ನಾಟಕದ ಕ್ಲಾಸು ಶುರು ಮಾಡಿದ್ದಾರೆ. ಯಾವುದಾದರೂ ಒಂದನ್ನು ಆರಿಸಿ, ತಂದೆ ಅಥವಾ ತಾಯಿ ಸಹಿ ಹಾಕಿ ಫಾರ್ಮು ಕೊಡಬೇಕು. ಮಗಳು ಚಿತ್ರಕಲೆಗೂ ನಾಟಕಕ್ಕೂ ಎರಡಕ್ಕೂ ಟಿಕ್ ಮಾಡಿ ತಂದಿದ್ದಾಳೆ. ನಮ್ಮ ಮನೆಯವರು "ಮೊದಲ ಎಸ್ಸೆಸ್ಸೆಲ್ಸಿ ಮುಗೀಲಿ, ಆಮ್ಯಾಲ ಏನರೆ ಮಾಡ್ಲಿ" ಅಂತ ಫಾರ್ಮನ್ನು ಟಿವಿ ಸ್ಟ್ಯಾಂಡಿನ ಮೇಲೆ ರಿಮೋಟಿನ ಕೆಳಗೆ ಇಟ್ಟುಬಿಟ್ಟಿದ್ದಾರೆ. ಹೆಣ್ಣುಮಕ್ಕಳು ನಾಟಕ ಆಡುವುದು ಅತ್ತೆಗೆ ಸರಿ ಬರಲ್ಲ. ಮಗಳು ಗಣಿತದಲ್ಲಿ ಅಷ್ಟಕ್ಕಷ್ಟೆ. ಆ ನೋಟ್‌ಬುಕ್ಕಿನ ಹಿಂದಿನ ಹಾಳೆಗಳ ತುಂಬ ಬರೀ ಕಣ್ಣು, ಕೈ, ಜಡೆ ಚಿತ್ರ. ಹತ್ತು ದಿನವಾಯಿತು, ಮನೆಯಲ್ಲಿ ಯಾರೂ ಈ ಮಾತು ಎತ್ತುತ್ತಿಲ್ಲ. ಕಳಿಸಲೇ, ಬೇಡವೇ? ಕಳಿಸಿದರೆ ಯಾವುದಕ್ಕೆ?
ಒಬ್ಬ ತಾಯಿ, ಕಲಬುರಗಿ

*

ತಂಗಿ, ಆ ಹಿಂದಿನ ಹಾಳೆಗಳನ್ನು ಹರಿದು ಬಿಸಾಡಬೇಡಿ, ಮೊದಲು ಅದನ್ನು ಹೇಳಿಬಿಡುತ್ತೇನೆ. ಕಣ್ಣು, ಕೈ ಎರಡೂ ಬಿಡಿಸೋಕೆ ಕಷ್ಟ. ಬಿಡಿಸೋಕೆ ಬರದ ಮಕ್ಕಳು ಕೈಗಳನ್ನು ಬೆನ್ನ ಹಿಂದೆ ಅಡಗಿಸಿ ಬಿಡಿಸುತ್ತಾರೆ. ನಿಮ್ಮ ಮಗಳು ಕೈಯನ್ನೇ ಬಿಡಿಸುತ್ತಿದ್ದಾಳೆ ಅಂದರೆ ಕಷ್ಟ ಇರುವ ಕಡೆಗೇ ಹೋಗುತ್ತಿದ್ದಾಳೆ ಅಂತ.

ನಾನು ಮೂವತ್ತೊಂದು ವರ್ಷ ಡ್ರಾಯಿಂಗ್ ಮಾಸ್ತರ್ ಆಗಿದ್ದವನು. "ಸರ, ಇವತ್ತೊಂದಿನ ಪೀರಿಯಡ್ ಕೊಡ್ರಿ, ಪೋರ್ಷನ್ ಉಳಿದದ" ಅಂತ ಗಣಿತ, ವಿಜ್ಞಾನದವರು ಒಯ್ದ ಪೀರಿಯಡ್ಡುಗಳ ಲೆಕ್ಕ ಇಟ್ಟಿಲ್ಲ. ಕೊಟ್ಟಿದ್ದೇನೆ, ಬೇಜಾರೂ ಮಾಡಿಕೊಂಡಿದ್ದೇನೆ. ಡ್ರಾಯಿಂಗ್ ಅಂದರೆ ಬಣ್ಣ ಹಚ್ಚೋದು ಅಂದುಕೊಂಡವರೇ ಜಾಸ್ತಿ ಅಲ್ವಾ. ಎಂಟನೇ ಕ್ಲಾಸಿನ ಮಕ್ಕಳ ಮುಂದೆ ನಾನು ಮೊದಲ ದಿನ ಇಡುತ್ತಿದ್ದದ್ದು ಒಂದು ತಂಬಿಗೆ. ಬಹಳಷ್ಟು ಮಕ್ಕಳು ಅದರ ಬಾಯಿಯನ್ನು ಎರಡೂ ತುದಿ ಚೂಪು ಮಾಡಿ ಮೀನಿನ ಹಾಗೆ ಬಿಡಿಸುತ್ತಿದ್ದರು, ತಳವನ್ನು ಸ್ಕೇಲ್ ಇಟ್ಟು ನೆಟ್ಟಗೆ ಎಳೆಯುತ್ತಿದ್ದರು. ತಪ್ಪು ಅಂತ ನಾನು ಹೇಳುತ್ತಿರಲಿಲ್ಲ. ಎದ್ದು ನಿಂತು ನೋಡು, ಆಮೇಲೆ ಕೂತು ನೋಡು, ಆಮೇಲೆ ಗಲ್ಲ ಬೆಂಚಿಗೆ ಹಚ್ಚಿ, ತಂಬಿಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿಸಿ ನೋಡು ಅನ್ನುತ್ತಿದ್ದೆ. ನಿಂತಾಗ ದುಂಡಗಿದ್ದ ಬಾಯಿ ಕೂತಾಗ ಚಪ್ಪಟೆ ಆಗುತ್ತದೆ, ಕಣ್ಣಿನ ಮಟ್ಟಕ್ಕೆ ಬಂದಾಗ ಬರೀ ಒಂದು ಗೆರೆ. ಒಬ್ಬ ಹುಡುಗ ಗಾಬರಿಯಾಗಿ "ಸರ, ಬಾಯಿ ಎಲ್ಲಿ ಹೋಯ್ತರೀ?" ಅಂದಿದ್ದ! ಹತ್ತನೇ ಗಣಿತದಲ್ಲಿ ಸಿಲಿಂಡರ್ ಮೇಲೆ ಶಂಕು ಕೂರಿಸಿ ಅದರ ಮೇಲ್ಮೈ ವಿಸ್ತೀರ್ಣ ಕಂಡುಹಿಡಿ ಅಂತ ಲೆಕ್ಕ ಬರುತ್ತದಲ್ಲ, ಅಲ್ಲಿ ಮಕ್ಕಳು ಎಡವುವುದು ಸೂತ್ರ ಮರೆತು ಅಲ್ಲ, ಆಕಾರ ಕಣ್ಣಿಗೆ ಬರದೆ. ತಂಬಿಗೆ ಬಿಡಿಸಿದವರಿಗೆ ಅದು ಬರುತ್ತದೆ. ನೂರಕ್ಕೆ ನೂರು ಅಂತ ಹೇಳಲ್ಲ, ಆದರೆ ನಾನು ಕಂಡ ಹಾಗೆ ಬರುತ್ತದೆ.

ಇನ್ನು ನಿಮ್ಮ ಮನೆಯವರಿಗೆ. ರಾಜ್ಯದ ಪರೀಕ್ಷಾ ಮಂಡಳಿಯೇ ನಡೆಸುವ ಡ್ರಾಯಿಂಗ್ ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳಿವೆ. ಅವಸರ ಇಲ್ಲ, ಹತ್ತನೇ ಮುಗಿದ ಮೇಲೂ ಕಟ್ಟಬಹುದು. ಪಿಯುಸಿ ಯಾವ ವಿಭಾಗದಲ್ಲಿ ಮಾಡಿದರೂ ಮುಂದೆ ನಾಲ್ಕು ವರ್ಷದ ಬಿವಿಎ (ದೃಶ್ಯಕಲೆ) ಪದವಿಗೆ ಸೇರಬಹುದು, ಅದಕ್ಕೆ ಕಲಬುರಗಿ ಬಿಟ್ಟು ಹೋಗಬೇಕಾಗಿಯೂ ಇಲ್ಲ. ಇದೇ ಊರಿನ ಎಸ್.ಎಂ. ಪಂಡಿತರು (1916-1993) ಮುಂಬೈಗೆ ಹೋಗಿ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಸಿನಿಮಾ ಪೋಸ್ಟರು, ದೇವರ ಕ್ಯಾಲೆಂಡರಿನ ಚಿತ್ರ ಮಾಡಿ ದೇಶಕ್ಕೆಲ್ಲ ಹೆಸರಾದರು. ನಮ್ಮ ರಂಗಮಂದಿರಕ್ಕೆ ಇಟ್ಟಿರುವುದು ಅವರ ಹೆಸರೇ. ಚಿತ್ರಗಾರನ ಹೆಸರು, ಒಳಗೆ ನಾಟಕ. ನಿಮ್ಮ ಮಗಳ ಎರಡೂ ಟಿಕ್ಕು ಅಲ್ಲೇ ಇವೆ ನೋಡಿ.
ನಿವೃತ್ತ ಚಿತ್ರಕಲಾ ಶಿಕ್ಷಕ, ಕಲಬುರಗಿ

*

ಎಲ್ಲರೂ ಅಪ್ಪನನ್ನೇ ಬೈಯುತ್ತಾರೆ ಅಂತ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ನಾನು ಗಣಿತದ ಟೀಚರ್. ಮೇಲಿನ ಸರ್ ಹೇಳಿದ ಪೀರಿಯಡ್ ಕದಿಯುವವರ ಪೈಕಿ. ನಿಮ್ಮ ಮನೆಯವರ ಹೆದರಿಕೆ ಸುಳ್ಳಲ್ಲ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯದಲ್ಲೇ ಕೊನೆಯ ಸ್ಥಾನ ನಮ್ಮ ಯಾದಗಿರಿಯದು, 2025ರಲ್ಲಿ ನಿಮ್ಮ ಕಲಬುರಗಿಯದು. ಆ ಸುದ್ದಿ ಪೇಪರಿನಲ್ಲಿ ಓದಿದ ಅಪ್ಪ ನಾಟಕದ ಫಾರ್ಮಿಗೆ ನಗುನಗುತ್ತಾ ಸಹಿ ಹಾಕಲ್ಲ. ಎಸ್ಸೆಸ್ಸೆಲ್ಸಿಯ ಒಟ್ಟು ಅಂಕದಲ್ಲಿ ಸಾಮಾನ್ಯವಾಗಿ ಚಿತ್ರಕಲೆಗೂ ಸಂಗೀತಕ್ಕೂ ಅಂಕ ಇರಲ್ಲ. ಸಿಬಿಎಸ್‌ಇಯಲ್ಲಾದರೆ ಪೇಂಟಿಂಗ್, ಹಿಂದೂಸ್ತಾನಿ ಸಂಗೀತವನ್ನು ವಿಷಯವಾಗಿಯೇ ತಗೋಬಹುದು. ನಮ್ಮ ರಾಜ್ಯದ ಮಂಡಳಿಯಲ್ಲಿ ಹೆಚ್ಚಿನ ಮಕ್ಕಳಿಗೆ ಹಾಗಿಲ್ಲ. ಅಂಕ ಬರುತ್ತದೆ ಅಂತ ಅವರನ್ನು ಒಪ್ಪಿಸೋಕೆ ಹೋಗಬೇಡಿ, ನಾಳೆ ಗೊತ್ತಾದರೆ ನಿಮ್ಮ ಮಾತಿಗೆ ಬೆಲೆ ಇರಲ್ಲ.

ಆದರೂ ಕಳಿಸಿ. ವಾರಕ್ಕೆ ಮೂರೇ ತಾಸು. ಮಗಳು ಗಣಿತದಲ್ಲಿ ಹಿಂದಿರುವುದು ಆ ಮೂರು ತಾಸಿನಿಂದ ಅಲ್ಲವೇ ಅಲ್ಲ, ಯಾಕಂದ್ರೆ ಅವಳು ಆ ಕ್ಲಾಸಿಗೆ ಇನ್ನೂ ಹೋಗೇ ಇಲ್ಲ! ಬಹುಶಃ ಎಂಟನೇ ಕ್ಲಾಸಿನ ಬೀಜಗಣಿತ ಬಿಟ್ಟುಹೋಗಿದೆ. ಅದನ್ನು ಬೇರೆ ನೋಡಿ. ಗಂಡನ ಹತ್ತಿರ ಹೀಗೆ ಮಾತಾಡಿ: ಡಿಸೆಂಬರ್ ತನಕ ಕ್ಲಾಸು, ಜನವರಿಯಿಂದ ಬಂದ್, ಮಾರ್ಚಿಗೆ ಪರೀಕ್ಷೆ. ಅರ್ಧ ವಾರ್ಷಿಕದಲ್ಲಿ ಗಣಿತ ಈಗಿನದಕ್ಕಿಂತ ಕೆಳಗೆ ಬಂದರೆ ಆಗ ಮತ್ತೆ ಕೂತು ಮಾತಾಡೋಣ ಅಂತ. ಗಂಡಸರಿಗೆ ತಾರೀಕು ಹೇಳಿದರೆ ಸ್ವಲ್ಪ ಸಮಾಧಾನ ಆಗುತ್ತದೆ, ನಮ್ಮ ಮನೆಯ ಅನುಭವ.
ಹೈಸ್ಕೂಲ್ ಶಿಕ್ಷಕಿ, ಯಾದಗಿರಿ

*

ಅಕ್ಕಾರೆ, ನಾನು ನಿಮ್ಮ ಯಜಮಾನರ ಥರದವನೇ. ನನ್ನ ಮಗ ಒಂಬತ್ತನೇ ಕ್ಲಾಸಿನ ತನಕ ತಬಲಾ ಕಲಿಯುತ್ತಿದ್ದ. ಹತ್ತಕ್ಕೆ ಬಂದ ಜೂನ್‌ನಲ್ಲೇ ಬಿಡಿಸಿದೆ, ತಬಲಾ ದಗ್ಗ ಎರಡನ್ನೂ ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದೆ. ಅವನು ಜಗಳ ಮಾಡಲಿಲ್ಲ. ಅದೇ ನನಗೆ ಮೋಸ ಆಗಿದ್ದು. ಒಪ್ಪಿಕೊಂಡ ಅಂದುಕೊಂಡೆ. ಉಳಿದ ಹೊತ್ತಿನಲ್ಲಿ ಓದಿದನಾ ಅಂದರೆ, ಇಲ್ಲ, ಹೊದ್ದುಕೊಂಡು ಮೊಬೈಲ್ ನೋಡಿದ. ಅಂಕ ಎಷ್ಟು ಬರಬೇಕಿತ್ತೋ ಅಷ್ಟೇ ಬಂತು. ರಜೆಯಲ್ಲಿ ನಾನೇ ಖುದ್ದಾಗಿ ಅಟ್ಟ ಹತ್ತಿ ಚೀಲ ಇಳಿಸಿದೆ. ದಗ್ಗದ ಚರ್ಮವನ್ನು ಇಲಿ ಕಡಿದಿತ್ತು. ಹೊಸದಾಗಿ ಚರ್ಮ ಹಾಕಿಸಿ ತಂದು ಮುಂದೆ ಇಟ್ಟರೆ "ಈಗ್ಯಾಕಪ್ಪಾ, ಬಿಡು" ಅಂದ. ಈಗ ಅದರ ಮೇಲೆ ಇಸ್ತ್ರಿ ಬಟ್ಟೆ ಇಡುತ್ತೇವೆ. ಇಷ್ಟೇ ಹೇಳಬೇಕಿತ್ತು, ಯಜಮಾನರಿಗೆ ಓದಿಸಿ.
ಒಬ್ಬ ತಂದೆ, ಸೇಡಂ

*

ನಾಟಕಕ್ಕೆ ಕಳಿಸಿ. ಪಕ್ಷಪಾತ ಅಂದರೆ ಅನ್ನಿ, ನಾನು ಇಪ್ಪತ್ತು ವರ್ಷದಿಂದ ಹವ್ಯಾಸಿ ನಾಟಕ ಆಡುತ್ತಿದ್ದೇನೆ, ಹಗಲು ಬ್ಯಾಂಕಿನ ಕೌಂಟರ್. ಹೈಸ್ಕೂಲಿನಲ್ಲಿ ನಾನು ಹಾಜರಿ ಕರೆದಾಗ "ಎಸ್ ಮಿಸ್" ಅಂದದ್ದೂ ಕೇಳದಂಥ ಹುಡುಗಿ. ನಮಗೆ ನಾಟಕ ಕಲಿಸೋಕೆ ಬಂದವರು ಮೊದಲ ವಾರ ಡೈಲಾಗೇ ಕೊಡಲಿಲ್ಲ. ಎರಡೇ ಮಾತು: "ನೀರು ಬಂತು." ಇದನ್ನು ನಾಲ್ಕು ಥರ ಹೇಳಬೇಕು. ಐದು ದಿನದಿಂದ ನಲ್ಲಿ ಕಾಯುತ್ತಿರುವವಳು ಹೇಳುವ ಹಾಗೆ. ಮಳೆಗೆ ಮನೆಯೊಳಗೆ ನೀರು ನುಗ್ಗಿದವಳು ಹೇಳುವ ಹಾಗೆ. ಪಕ್ಕದ ಮನೆಯವರಿಗೆ ಕೇಳಬಾರದು ಅಂತ ಗಂಡನಿಗೆ ಮಾತ್ರ ಹೇಳುವ ಹಾಗೆ (ಕಲಬುರಗಿಯ ಬೇಸಿಗೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ). ಕೊನೆಗೆ, ಹಾಲ್‌ನ ಹಿಂದಿನ ಗೋಡೆಗೆ ಒರಗಿ ನಿಂತವರಿಗೂ ಕೇಳುವ ಹಾಗೆ, ಆದರೆ ಕಿರುಚದೆ. ಆ ನಾಲ್ಕನೆಯದು ಬರೋಕೆ ನನಗೆ ಎರಡು ತಿಂಗಳು ಹಿಡಿಯಿತು. ಇವತ್ತು ಕೌಂಟರಿನಲ್ಲಿ ಯಾರಾದರೂ ಜೋರು ಮಾಡಿದರೆ ನಾನು ಕಿರುಚದೆ ಇಡೀ ಬ್ರಾಂಚಿಗೆ ಕೇಳುವ ಹಾಗೆ ಉತ್ತರ ಕೊಡುತ್ತೇನೆ.

ಅತ್ತೆಯವರ ಮಾತು ಬೇರೆ. ಜಾತ್ರೆಯ ಕಂಪನಿ ನಾಟಕ ನೋಡಿಕೊಂಡು ಬೆಳೆದ ತಲೆಮಾರು ಅವರದು. ರಾತ್ರಿಯೆಲ್ಲ ನೋಡಿ ಖುಷಿಪಟ್ಟರೂ, ಬಣ್ಣ ಹಚ್ಚಿದ ಹೆಣ್ಣನ್ನು ಜನ ಏನೆಲ್ಲ ಅಂದರು ಅನ್ನುವುದನ್ನೂ ಕೇಳಿದ್ದಾರೆ. ಅವರ ಜೊತೆ ವಾದ ಮಾಡಬೇಡಿ. ಯಾವ ನಾಟಕ ನೋಡಿದ್ದಿರಿ ಅತ್ತೆ, ಯಾವ ಹಾಡು ನೆನಪಿದೆ ಅಂತ ಕೇಳಿ. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ನಮ್ಮಜ್ಜಿ ಹೀಗೆ ಕೇಳಿದ್ದಕ್ಕೆ ಒಂದೂವರೆ ತಾಸು ನಿಲ್ಲಿಸಲೇ ಇಲ್ಲ.

ಆದರೆ ತಾಯಿಯಾಗಿ ವಿಚಾರಿಸಲೇಬೇಕಾದ್ದು ಕೆಲವಿವೆ, ಸಂಕೋಚ ಬೇಡ. ಕಲಿಸುವವರು ಯಾರು, ಕ್ಲಾಸು ನಡೆಯುವಾಗ ಶಾಲೆಯ ಲೇಡಿ ಟೀಚರ್ ಒಬ್ಬರು ಅಲ್ಲೇ ಇರುತ್ತಾರಾ, ಎಷ್ಟು ಗಂಟೆಗೆ ಬಿಡುತ್ತಾರೆ, ನಿಮ್ಮ ಓಣಿಯ ಇನ್ನೊಬ್ಬ ಹುಡುಗಿ ಜೊತೆಗಿದ್ದಾಳಾ. ಉತ್ತರ ಸರಿಯಾಗಿ ಕೊಡದಿದ್ದರೆ ನಾನೇ ಹೇಳುತ್ತೇನೆ, ಕಳಿಸಬೇಡಿ. ಈ ವರ್ಷ ಆಗದಿದ್ದರೂ ಕಲಬುರಗಿಯಲ್ಲೇ ಸರ್ಕಾರದ ನಾಟಕ ಸಂಸ್ಥೆ ರಂಗಾಯಣ ಇದೆ, ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಮಕ್ಕಳ ಶಿಬಿರದ ಬಗ್ಗೆ ಅಲ್ಲಿ ವಿಚಾರಿಸಿ.
ಬ್ಯಾಂಕ್ ಉದ್ಯೋಗಿ, ಕಲಬುರಗಿ

*

ನಮ್ಮದು ಬಿದ್ರಿ ಕೆಲಸದ ಮನೆ. ಚಿತ್ರ ಕಲಿತು ಏನು ಮಾಡ್ತಾರೆ ಅಂತ ಕೇಳುವವರು ಬೀದರಿಗೆ ಬಂದು ನಮ್ಮ ಅಬ್ಬಾ ಪಕ್ಕ ಅರ್ಧ ದಿನ ಕೂತು ಹೋಗಲಿ. ಸತು, ತಾಮ್ರ ಸೇರಿಸಿ ಎರಕ ಹೊಯ್ದ ಹೂಜಿಯನ್ನು ಉಜ್ಜಿ, ಮೈಲುತುತ್ತದ ನೀರು ಹಚ್ಚಿ ಸ್ವಲ್ಪ ಹೊತ್ತಿನ ಮಟ್ಟಿಗೆ ಕಪ್ಪು ಮಾಡಿಕೊಳ್ಳುತ್ತಾರೆ. ಆ ಕಪ್ಪಿನ ಮೇಲೆ ಚೂಪಾದ ಕಬ್ಬಿಣದ ಕಡ್ಡಿಯಿಂದ ಬಳ್ಳಿ ಬಿಡಿಸುವುದು. ಪೆನ್ಸಿಲ್ ಇಲ್ಲ, ರಬ್ಬರ್ ಇಲ್ಲ, ಹೂಜಿಯ ಹೊಟ್ಟೆ ಬೇರೆ ದುಂಡಗೆ. ಗೆರೆ ಒಂದು ಕೂದಲೆಳೆ ಆಚೆ ಹೋದರೂ ಮುಂದೆ ಬೆಳ್ಳಿ ತಂತಿ ಕೂರಿಸುವವನ ಕೈಲಿ ಬೈಸಿಕೊಳ್ಳಬೇಕು. ಕೊನೆಗೆ ಕೋಟೆಯ ಮಣ್ಣು, ನವಸಾಗರ ಸೇರಿಸಿದ ಬಿಸಿ ನೀರಿಗೆ ಬಿದ್ದ ಮೇಲೆ ಕಪ್ಪು ಕಪ್ಪಾಗಿ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಜನ ಆ ಹೊಳಪು ನೋಡುತ್ತಾರೆ, ಮೊದಲ ಗೆರೆ ಎಳೆದ ಕೈ ಯಾರಿಗೂ ಕಾಣಲ್ಲ. ಬಿದ್ರಿಗೆ 2006ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಬಂತು, ನಮ್ಮ ಊರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆದರೂ ನಮ್ಮಲ್ಲಿ ಹೊಸ ನಕ್ಷೆ ಬಿಡಿಸುವವರು ಕಡಿಮೆ, ಹಳೆಯದನ್ನೇ ನಕಲು ಮಾಡುತ್ತಿದ್ದೇವೆ. ನಾನು ಬಿ.ಕಾಂ ಓದುತ್ತಾ ಈಗ ಡ್ರಾಯಿಂಗ್ ಕಲಿಯುತ್ತಿದ್ದೇನೆ. ಹೈಸ್ಕೂಲಿನಲ್ಲಿ ನಮಗೆ ಡ್ರಾಯಿಂಗ್ ಸರ್ ಇರಲಿಲ್ಲ. ನಿಮ್ಮ ಮಗಳಿಗೆ ಇದ್ದಾರೆ.
ಪದವಿ ವಿದ್ಯಾರ್ಥಿ, ಬೀದರ್

*

ಆಂಟಿ, ನಾನೂ ಹತ್ತನೇ ಕ್ಲಾಸೇ. ನಿಮ್ಮ ಪತ್ರ ಎರಡು ಸಲ ಓದಿದೆ. ಅಂಕಲ್ ಏನಂದ್ರು ಅಂತ ಇದೆ, ಅಜ್ಜಿಗೆ ಏನು ಸರಿ ಬರಲ್ಲ ಅಂತ ಇದೆ. ಅವಳು ಏನಂದ್ಲು ಅಂತ ಇಲ್ಲ. ಒಂದೇ ಆರಿಸಬೇಕು ಅಂತ ಫಾರ್ಮಿನಲ್ಲಿ ಬರೆದಿದ್ದರೂ ಎರಡಕ್ಕೂ ಟಿಕ್ ಯಾಕೆ ಮಾಡಿದಳು? ನಾನಾಗಿದ್ದರೆ ಒಂದು ನನಗೆ ಬೇಕಾದ್ದು, ಇನ್ನೊಂದು ಅಪ್ಪ ಬೇಡ ಅನ್ನಲಿ ಅಂತ ಮೊದಲೇ ಇಟ್ಟದ್ದು. ಅಪ್ಪ ಒಂದು ಬೇಡ ಅಂದರೂ ಇನ್ನೊಂದು ಉಳಿಯುತ್ತಲ್ವಾ. ಹೋದ ವರ್ಷ ಕರಾಟೆ, ಸಂಗೀತ ಅಂತ ಇದ್ದಾಗ ನಾನು ಹೀಗೇ ಮಾಡಿದ್ದೆ, ನಡೀತು. ಅವಳದು ಯಾವುದು ಅಂತ ಕೇಳಿ. ಎಲ್ಲರ ಎದುರು ಬೇಡ, ರೊಟ್ಟಿ ಬಡಿಯುವಾಗ ಒಬ್ಬರೇ ಇದ್ದಾಗ ಕೇಳಿ. ಫಾರ್ಮಿನಲ್ಲಿ ತಂದೆ ಅಥವಾ ತಾಯಿ ಸಹಿ ಅಂತ ನೀವೇ ಬರೆದಿದ್ದೀರಿ ಆಂಟಿ. ಕೊಡೋಕೆ ಕೊನೇ ದಿನ ಯಾವತ್ತು ಅಂತ ಮಾತ್ರ ಬರೆದಿಲ್ಲ.
ಹತ್ತನೇ ತರಗತಿ ವಿದ್ಯಾರ್ಥಿನಿ, ಶಹಾಪುರ