ತಪ್ಪಿಗೆ ಕಾಲು ಮಾರ್ಕು

ದಾವಣಗೆರೆಯ ಹೈಸ್ಕೂಲ್ ಮೈದಾನದಿಂದ ಸ್ವಲ್ಪ ದೂರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಎದುರಿಗೆ ಗೌರಕ್ಕನ ಟೀ ಗಾಡಿ. ಬೆಳಿಗ್ಗೆ ಏಳು ಗಂಟೆಗೆ ಮೈದಾನದಲ್ಲಿ ಓಡಿ ಮುಗಿಸಿದ ಪಿಸಿ ಹುಡುಗರು ಬೆವರು ಒರೆಸಿಕೊಳ್ಳುತ್ತಾ ಅಲ್ಲಿಗೆ ಬರುತ್ತಾರೆ. ಪಿಸಿ ಎಂದರೆ ಇಲ್ಲಿ ಕಂಪ್ಯೂಟರ್ ಅಲ್ಲ, ಪೊಲೀಸ್ ಕಾನ್‌ಸ್ಟೇಬಲ್. ನಾನೂ ಒಂದು ಕಾಲದಲ್ಲಿ ಪಿಸಿ ಹುಡುಗನೇ. ಬರೆಯುವ ಪರೀಕ್ಷೆ ಪಾಸಾಗಿ, ಫಿಸಿಕಲ್‌ನಲ್ಲಿ 1600 ಮೀಟರ್ ಓಟವನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕಿತ್ತು. ನಾನು ನಾಲ್ಕು ಸೆಕೆಂಡ್ ಜಾಸ್ತಿ ತೆಗೆದುಕೊಂಡೆ. ಆ ನಾಲ್ಕು ಸೆಕೆಂಡಿನ ಫಲ ಈ ಜೆರಾಕ್ಸ್ ಮಷೀನು. ಈಗ ವಯಸ್ಸೂ ಮೀರಿದೆ. ಆದರೆ ಜಿಕೆ ಚಾಳಿ ಬಿಟ್ಟಿಲ್ಲ.

ಮೊನ್ನೆ ಮಂಜ ಬಂದವನೇ ಹಳೇ ಪ್ರಶ್ನೆಪತ್ರಿಕೆಯನ್ನು ಟೀ ಗಾಡಿಯ ಮೇಲೆ ಕುಕ್ಕಿದ.

"ಅಣ್ಣ, ನೂರು ಪ್ರಶ್ನೆ, ತೊಂಬತ್ತು ನಿಮಿಷ, ಒಂದು ತಪ್ಪಿಗೆ ಕಾಲು ಮಾರ್ಕು ಕಟ್. ನಾನು ರಾತ್ರಿಯೆಲ್ಲಾ ಕೂತು ಲೆಕ್ಕ ಹಾಕಿದೀನಿ. ಏನೂ ಓದದೆ ಕಣ್ಣು ಮುಚ್ಚಿ ಹಾಕಿದ್ರೂ ಲಾಭಾನೇ."

"ಹೇಗೋ?" ಎಂದ ಶಿವು.

"ಹದಿನಾರು ಪ್ರಶ್ನೆ ತಗೋ. ನಾಲ್ಕು ಆಯ್ಕೆ ಇರೋದ್ರಿಂದ ನಾಲ್ಕು ಸರಿಯಾಗ್ತವೆ, ಹನ್ನೆರಡು ತಪ್ಪಾಗ್ತವೆ. ಹನ್ನೆರಡು ಕಾಲು ಅಂದ್ರೆ ಮೂರು. ನಾಲ್ಕರಲ್ಲಿ ಮೂರು ಹೋದ್ರೆ ಒಂದು ಮಾರ್ಕು ಕೈಗೆ. ಬಿಟ್ಟಿ!"

ಗೀತಾ ಲೋಟ ಕೆಳಗಿಟ್ಟಳು. "ನೂರಕ್ಕೂ ಹಾಗೇ ಹಾಕಿದ್ರೆ ಆರೂಕಾಲು ಬರುತ್ತೆ ಕಣೋ. ಆರೂಕಾಲಿಗೆ ಲಾಠಿ ಕೊಡಲ್ಲ, ಲಾಠಿ ಏಟು ಕೊಡ್ತಾರೆ. ಎರಡು ಆಯ್ಕೆ ತಪ್ಪು ಅಂತ ಗೊತ್ತಾಗೋವಷ್ಟಾದ್ರೂ ಓದು. ಆಗ ಎಂಟು ಪ್ರಶ್ನೆಗೆ ನಾಲ್ಕು ಸರಿ, ನಾಲ್ಕು ತಪ್ಪು. ಮೂರು ಮಾರ್ಕು ಉಳಿಯುತ್ತೆ."

"ಹೋದ ಸಲ ನಿನ್ನ ಹದಿನಾರರ ಕಥೆ ಏನಾಯ್ತು, ಅದನ್ನ ಹೇಳು ಮೊದಲು" ಎಂದ ಸೀನ.

ಮಂಜ ಬಿಸ್ಕತ್ತನ್ನು ಟೀಯಲ್ಲಿ ಅದ್ದಿದ. ಹೋದ ಸಲ ಗೊತ್ತಿಲ್ಲದ ಹದಿನಾರಕ್ಕೂ ಮನೆದೇವರನ್ನು ನೆನೆದು 'ಬಿ' ತುಂಬಿದ್ದನಂತೆ. ಮೂರು ಸರಿ, ಹದಿಮೂರು ತಪ್ಪು. ಒಟ್ಟು ಲಾಭ ಮೈನಸ್ ಕಾಲು. ಬಿಸ್ಕತ್ತು ಮುರಿದು ಲೋಟದೊಳಗೆ ಬಿತ್ತು.

"ದೇವರು ಲೆಕ್ಕದಲ್ಲಿ ವೀಕು" ಎಂದ.

ಮಂಜನ ಇನ್ನೊಂದು ವಿದ್ಯೆ ಎಂದರೆ ಕೋಡ್ ವರ್ಡ್. ಕನ್ನಡದ ಎಂಟು ಜ್ಞಾನಪೀಠಗಳಿಗೆ ಅವನದು 'ಕುಬೇಕಾಮಾ ಗೋಅಕಾಕಂ'. ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ. 1967ರಿಂದ 2010ರವರೆಗೆ ಕ್ರಮವಾಗಿ. ಓಡುವಾಗಲೂ ಅದನ್ನೇ ಗೊಣಗುತ್ತಾನೆ. ಗೌರಕ್ಕ ಅವನನ್ನು ಬಹಳ ದಿನ ದೈವಭಕ್ತ ಎಂದೇ ತಿಳಿದು, ಚಟ್ನಿ ಒಂದು ಸೌಟು ಜಾಸ್ತಿ ಹಾಕುತ್ತಿದ್ದಳು. ಒಂದು ದಿನ ಗೀತಾ "1977 ಯಾರು?" ಎಂದು ಕೇಳಿದಳು. "ಕಾ" ಎಂದ. "ಯಾವ ಕಾ? ಕಾರಂತರಾ, ಕಾರ್ನಾಡರಾ?" ಮಂತ್ರ ಅಲ್ಲಿಗೆ ನಿಂತಿತು. 1977 ಕಾರಂತರದ್ದು, ಕಾರ್ನಾಡರದ್ದು 1998. ಗೌರಕ್ಕನಿಗೂ ವಿಷಯ ಗೊತ್ತಾಗಿ ಚಟ್ನಿ ಮೊದಲಿನ ಅಳತೆಗೆ ಬಂತು.

"ಇದೆಲ್ಲಾ ಉರು ಹೊಡೆದ್ರೆ ಬರುತ್ತೆ" ಎಂದ ಸೀನ. "ಓದಿದ್ದೇ ಮಾರನೇ ವರ್ಷ ಸುಳ್ಳಾದ್ರೆ ಏನ್ಮಾಡೋಣ? ನಮ್ಮ ಮನೇನೇ ನೋಡಿ."

ಸೀನನ ಊರು ಹರಪನಹಳ್ಳಿ. ಅವರಜ್ಜ ಕಟ್ಟಿಸಿದ ಮನೆ. ಕಟ್ಟಿದಾಗ ಅದು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ಒಂದೇ ಸಲ ಏಳು ಹೊಸ ಜಿಲ್ಲೆಗಳಾದವು. ರಾಜ್ಯದ ಜಿಲ್ಲೆಗಳು 20ರಿಂದ 27ಕ್ಕೆ ಏರಿದವು. ಪಟೇಲರು ನಮ್ಮ ಚನ್ನಗಿರಿ ಕಡೆಯವರು, ದಾವಣಗೆರೆಯೂ ಆ ಏಳರಲ್ಲಿ ಒಂದು. ಹರಪನಹಳ್ಳಿ ಇತ್ತ ಬಂತು. 2018ರಲ್ಲಿ ಕಲ್ಯಾಣ ಕರ್ನಾಟಕಕ್ಕಿರುವ 371ಜೆ ವಿಶೇಷ ಮೀಸಲಾತಿ ಸೌಲಭ್ಯ ಸಿಗಲಿ ಎಂದು ವಾಪಸ್ ಬಳ್ಳಾರಿಗೆ ಹೋಯಿತು. 2021ರಲ್ಲಿ ಬಳ್ಳಾರಿಯನ್ನೇ ಒಡೆದು ವಿಜಯನಗರ ಮಾಡಿದರು, 31ನೇ ಜಿಲ್ಲೆ. ಹರಪನಹಳ್ಳಿ ಅದಕ್ಕೆ ಸೇರಿತು.

"ಮನೆ ಒಂದಿಂಚೂ ಅಲ್ಲಾಡಿಲ್ಲ. ಅಪ್ಪನ ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಬಳ್ಳಾರಿ. ನನ್ನ ಜನನ ಪತ್ರದಲ್ಲಿ ದಾವಣಗೆರೆ. ಪಿಯುಸಿಗೆ ಬರೋವಾಗ ಬಳ್ಳಾರಿ. ಈಗ ವಿಜಯನಗರ. ಅಜ್ಜಿಗೆ ಇದ್ಯಾವುದೂ ಗೊತ್ತಿಲ್ಲ. ಅವಳು ಹೊಸಿಲು ದಾಟಿಲ್ಲ, ಜಿಲ್ಲೆ ಮೂರು ಸಲ ದಾಟಿದಾಳೆ."

ಇದು ಸುಳ್ಳಲ್ಲ. ಆ ದಾಖಲೆಗಳನ್ನೆಲ್ಲಾ ಸೆಟ್ ಮಾಡಿ ಜೆರಾಕ್ಸ್ ಹೊಡೆದುಕೊಟ್ಟವನು ನಾನೇ. ಒಂದೇ ಮನೆ, ಒಂದೇ ಮನುಷ್ಯರು, ನೋಡಿದರೆ ಮೂರು ಕುಟುಂಬದ ಕಾಗದದಂತೆ ಕಾಣುತ್ತಿತ್ತು. ಅಡ್ರೆಸ್ ಪ್ರೂಫ್ ಎಂದರೆ ಅವನಿಗೆ ಈಗಲೂ ಕೈ ನಡುಗುತ್ತದೆ.

ಶಿವು ಇಷ್ಟು ಹೊತ್ತು ಸುಮ್ಮನಿದ್ದವನು ನಿಟ್ಟುಸಿರು ಬಿಟ್ಟ. ಶಿವು ಅಂದರೆ ಸೆಕ್ಷನ್ನು. ಎರಡು ವರ್ಷ ಹಗಲೂ ರಾತ್ರಿ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆ, ಬಾಯಿಪಾಠ ಮಾಡಿದ್ದ. 511 ಕಲಂಗಳಲ್ಲಿ ಯಾವ ನಂಬರ್ ಹೇಳಿದರೂ ಅಪರಾಧ ಹೇಳುತ್ತಿದ್ದ. ಮದುವೆ ಮನೆಯ ಟೋಕನ್ ಕೈಗೆ ಕೊಟ್ಟರೂ "379, ಕಳ್ಳತನ" ಎನ್ನುತ್ತಿದ್ದ. 2024ರ ಜುಲೈ 1ಕ್ಕೆ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಐಪಿಸಿ ಹುಟ್ಟಿದ್ದು 1860ರಲ್ಲಿ. ನೂರಾ ಅರವತ್ತು ವರ್ಷಕ್ಕೂ ಜಾಸ್ತಿ ಅಲುಗದ ಪುಸ್ತಕ, ಸರಿಯಾಗಿ ಇವನು ಬಾಯಿಪಾಠ ಮುಗಿಸಿದ ಮೇಲೆ ಹೋಯಿತು.

"ಹೊಸದ್ರಲ್ಲಿ ಇರೋದೇ 358 ಕಲಂ" ಎಂದ. "420ರ ತನಕ ಪುಸ್ತಕ ಹೋಗೋದೇ ಇಲ್ಲ! ಮೋಸ ಈಗ 318."

"ಹಂಗಾದ್ರೆ ಇನ್ಮೇಲೆ 'ಅವನು ದೊಡ್ಡ ಫೋರ್ ಟ್ವೆಂಟಿ' ಅನ್ನೋ ಹಾಗಿಲ್ವಾ?" ಮಂಜನಿಗೆ ನಿಜವಾಗಿಯೂ ಬೇಸರವಾಯಿತು.

"'ಅವನು ದೊಡ್ಡ ತ್ರೀ ಏಟೀನ್' ಅನ್ನಬೇಕು."

"ಬಸ್ ನಂಬರ್ ಇದ್ದ ಹಾಗಿದೆಯಲ್ಲೋ. ಬೈದ ಹಾಗೇ ಆಗಲ್ಲ."

"ಕೊಲೆ ಇನ್ನೂ ಕಷ್ಟ. ಸಿನಿಮಾದಲ್ಲೆಲ್ಲಾ 'ತ್ರೀ ನಾಟ್ ಟೂ ಹಾಕ್ತೀನಿ' ಅಂತಿದ್ರಲ್ಲ, ಈಗ ಕೊಲೆಗೆ ಶಿಕ್ಷೆ 103ರಲ್ಲಿ. 302 ಅಂದ್ರೆ ಈಗ ಮಾತಿನಿಂದ ಧಾರ್ಮಿಕ ಭಾವನೆ ನೋಯಿಸೋದು. ಕೊಲೆಗಾರ ಬಯ್ಗುಳಗಾರ ಆಗೋದ. ಗಲಾಟೆ ಆದಾಗ ಹಾಕ್ತಿದ್ದ 144 ಈಗ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 163."

"ಹಳೇದು ಮರೆತುಬಿಡು, ಮುಗೀತು" ಎಂದೆ.

"ಮರೆಯೋ ಹಾಗೂ ಇಲ್ಲ ಅಣ್ಣ! ಜುಲೈ 1ರ ಹಿಂದಿನ ದಿನ ಮೋಸ ಮಾಡಿದವನಿಗೆ ಇವತ್ತೂ 420ನೇ. ಎರಡೂ ತಲೇಲಿ ಇಟ್ಕೋಬೇಕು."

ನನ್ನ ಸಂಕಟ ನನಗೆ. 'ಐಪಿಸಿ ಸಂಪೂರ್ಣ ಕಲಂಗಳು' ಎಂಬ ಜೆರಾಕ್ಸ್ ಸೆಟ್ ಅರವತ್ತು ಮಾಡಿ ಇಟ್ಟಿದ್ದೆ, ಸ್ಪೈರಲ್ ಬೈಂಡಿಂಗ್ ಸಮೇತ. ಒಂದೂ ಹೋಗಲಿಲ್ಲ. ಕೊನೆಗೆ ಸ್ಪೈರಲ್ ಬಿಚ್ಚಿ ಗೌರಕ್ಕನಿಗೆ ತೂಕಕ್ಕೆ ಕೊಟ್ಟೆ. ಆರು ತಿಂಗಳು ಇಡೀ ಓಣಿ ಭಾರತೀಯ ದಂಡ ಸಂಹಿತೆಯಲ್ಲಿ ಮಂಡಕ್ಕಿ ಮಿರ್ಚಿ ತಿಂದಿತು. ಶಿವು ತನ್ನ ಪೊಟ್ಟಣದ ಕಾಗದವನ್ನು ಬಿಡಿಸಿ, ಎಣ್ಣೆ ಇಳಿದ ಅಕ್ಷರಗಳನ್ನು ಓದಿ, ಮಡಚಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ತಿಥಿಯ ದಿನ ಫೋಟೋ ನೋಡುವವರ ಮುಖ.

"ಕಾನೂನು ಬದಲಾದ್ರೆ ಸರಿ. ಇತಿಹಾಸಾನೂ ಬದಲಾದ್ರೆ?" ಎಂದಳು ಗೀತಾ. "ಕನ್ನಡದ ಮೊದಲ ಶಾಸನ ಯಾವುದು?"

"ಹಲ್ಮಿಡಿ! ಬೇಲೂರು ತಾಲ್ಲೂಕು, ಕ್ರಿ.ಶ. 450" ಮೂವರೂ ಒಟ್ಟಿಗೆ ಕೂಗಿದರು.

"ಶಿಕಾರಿಪುರದ ಹತ್ತಿರ ತಾಳಗುಂದದಲ್ಲಿ ಸಿಕ್ಕಿದ್ದು 370ರ ಸುಮಾರಿನದು ಅಂತಾರೆ. ಅದು ಹಳೇದಲ್ವಾ?"

"ಹಾಗಾದ್ರೆ ಯಾವುದಕ್ಕೆ ಶೇಡ್ ಮಾಡೋದು?"

"ಆಯ್ಕೇಲಿ ಯಾವುದಿದೆಯೋ ಅದಕ್ಕೆ."

"ಎರಡೂ ಇದ್ರೆ?"

"ಪ್ರಶ್ನೆ ತೆಗೆದವರ ವಯಸ್ಸು ಅಂದಾಜು ಮಾಡಬೇಕು" ಎಂದೆ. ನಾನು ತಮಾಷೆಗೆ ಹೇಳಿದ್ದಲ್ಲ. ನಮ್ಮ ಕಾಲದ ಗೈಡುಗಳಲ್ಲಿ ಕವಿರಾಜಮಾರ್ಗ ಬರೆದವನು ನೃಪತುಂಗ. ಈಗಿನ ಹುಡುಗರಿಗೆ ಶ್ರೀವಿಜಯ, ನೃಪತುಂಗನ ಆಸ್ಥಾನದ ಕವಿ. ಎರಡೂ ಹೆಸರು ಆಯ್ಕೆಯಲ್ಲಿದ್ದರೆ ನಾನು ಇವತ್ತಿಗೂ ಪೆನ್ ಎತ್ತಿ ಒಂದು ನಿಮಿಷ ಕೂರುತ್ತೇನೆ. ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಸಾಲದು, ಕೀ ಆನ್ಸರ್‌ನಲ್ಲಿ ಏನಿದೆ ಎಂದು ಗೊತ್ತಿರಬೇಕು. ಅವೆರಡೂ ಬೇರೆ ಬೇರೆ ವಿದ್ಯೆ.

ಆಮೇಲೆ ಸ್ವಲ್ಪ ಹೊತ್ತು ಚಿಲ್ಲರೆ ವಿಷಯ ಬಂದುಹೋದವು. ಪೊಲೀಸ್ ಹುತಾತ್ಮರ ದಿನ ಅಕ್ಟೋಬರ್ 21, ಯಾಕೆಂದರೆ 1959ರಲ್ಲಿ ಅದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನಾದ ಗುಂಡಿಗೆ ಹತ್ತು ಜನ ಪೊಲೀಸರು ಬಲಿಯಾದರು. ಇಂಟರ್‌ಪೋಲ್ ಕಚೇರಿ ಫ್ರಾನ್ಸಿನ ಲಿಯೋನ್‌ನಲ್ಲಿ. ಮಂಜ ಅದನ್ನು 'ಲಯನ್' ಎಂದು ನೆನಪಿಟ್ಟುಕೊಂಡು ಹೋದ ಸಲ ಪರೀಕ್ಷೆಯಲ್ಲಿ ಗಿರ್ ಅರಣ್ಯ ಹುಡುಕುತ್ತಾ ಕೂತಿದ್ದ. 'ಮೊದಲ ಮಹಿಳೆ' ಎಂದು ಪ್ರಶ್ನೆ ಶುರುವಾದರೆ ಮುಂದಕ್ಕೆ ಓದದೆ ಕಿರಣ್ ಬೇಡಿ ಎನ್ನುವುದೂ ಅವನೇ. ದೇಶದ ಮೊದಲ ಮಹಿಳಾ ಐಪಿಎಸ್ ಆಕೆ, ಸರಿ. ಕರ್ನಾಟಕ ಪೊಲೀಸ್ ಇಲಾಖೆಯ ಮೊದಲ ಮಹಿಳಾ ಮುಖ್ಯಸ್ಥೆ ನೀಲಮಣಿ ರಾಜು, 2017ರಲ್ಲಿ. ಗೀತಾ ಇದನ್ನು ಅವನಿಗೆ ವಾರಕ್ಕೊಂದು ಸಲ ಹೇಳುತ್ತಾಳೆ.

ಅಷ್ಟರಲ್ಲಿ ಮಂಜ ಪೇಪರಿನ ಕೊನೇ ಪುಟ ತಿರುಗಿಸಿ ನನ್ನ ಮುಂದೆ ಹಿಡಿದ. "ಅಣ್ಣ, ಇದೊಂದಕ್ಕೆ ನಾನು ಆಕ್ಷೇಪಣೆ ಹಾಕಬೇಕಿತ್ತು. ನನಗೆ ಅನ್ಯಾಯ ಆಗಿದೆ."

ರಕ್ತಸಂಬಂಧದ ಪ್ರಶ್ನೆ. ಒಂದು ಫೋಟೋ ತೋರಿಸಿ ರವಿ ಹೇಳುತ್ತಾನೆ: 'ಈಕೆ ನನ್ನ ತಾಯಿಯ ತಮ್ಮನ ಹೆಂಡತಿ.' ಹಾಗಾದರೆ ಈಕೆ ರವಿಗೆ ಏನಾಗಬೇಕು? ಎ) ಅಕ್ಕ, ಬಿ) ಅತ್ತೆ, ಸಿ) ಚಿಕ್ಕಮ್ಮ, ಡಿ) ಅಜ್ಜಿ.

"ಅತ್ತೆ. ಇದ್ರಲ್ಲೇನಿದೆ?" ಎಂದ ಶಿವು.

"ನಾನು ಅಕ್ಕ ಅಂತ ಹಾಕಿದೆ."

"ಯಾಕೋ?"

"ನಮ್ಮಮ್ಮನ ತಮ್ಮನಿಗೆ ಕೊಟ್ಟಿರೋದು ನಮ್ಮಕ್ಕನ್ನೇ ಅಲ್ವಾ! ಸೋದರಮಾವ. ನಮ್ಮ ಮನೇಲಿ ಆ ಫೋಟೋ ತೋರಿಸಿದ್ರೆ ಅದು ನಮ್ಮಕ್ಕಂದೇ. ಆಲ್ಬಮ್ ತಂದು ಕೊಡಲಾ?"

ಗಾಡಿಯ ಸುತ್ತ ಒಂದು ಕ್ಷಣ ಮೌನ. ಸೀನ ನಿಧಾನಕ್ಕೆ ಲೆಕ್ಕ ಹಾಕಿದ. "ಹಾಗಾದ್ರೆ ನಿಮ್ಮಕ್ಕನ ಮಗ ನಿನಗೆ ಅಳಿಯ."

"ಹೂಂ."

"ಮಾವನ ಮಗನೂ ಹೌದು."

"ಹೌದು. ಅಮ್ಮನಿಗೆ ಮೊಮ್ಮಗನೂ ಹೌದು, ತಮ್ಮನ ಮಗನೂ ಹೌದು. ಒಂದು ಮಗುವಿಗೆ ಹುಟ್ಟುಹಬ್ಬಕ್ಕೆ ಎರಡು ಲೆಕ್ಕದಲ್ಲಿ ಉಡುಗೊರೆ ಕೇಳ್ತಾಳೆ ಅಕ್ಕ."

"ಮೂಡಲಕ್ಕೆ ನಾಲ್ಕು ಕಿಲೋಮೀಟರ್ ನಡೆದು ಬಲಕ್ಕೆ ತಿರುಗಿದ ಅನ್ನೋ ಪ್ರಶ್ನೇನಾದ್ರೂ ಇವನಿಗೆ ಸರಿಯಾಗುತ್ತಾ?" ಎಂದು ಗೀತಾ ಕೇಳಿದಳು. ಮಂಜ ಉತ್ತರಿಸಲಿಲ್ಲ. ಒಂದು ಮಾರ್ಕು ಹೋಗಿ, ಮೇಲೆ ಕಾಲು ಕಟ್ ಆಗಿದ್ದು ಅಕ್ಕನ ಮದುವೆಯಿಂದ ಎಂದು ಅವನಿಗೆ ಖಾತ್ರಿಯಾಗಿದೆ.

ಆಗಲೇ ಒಂದು ಬೈಕ್ ಬಂದು ನಿಂತಿತು. ಕಾನ್‌ಸ್ಟೇಬಲ್. ನಾಲ್ವರೂ ಬೆಂಚಿನಿಂದ ಎದ್ದುಬಿಟ್ಟರು. ಭಯವಲ್ಲ, ದರ್ಶನ. ಮಂಜನ ಕಣ್ಣು ಬೆಲ್ಟಿನ ಮೇಲೆ, ಗೀತಾಳ ಕಣ್ಣು ಭುಜದ ಮೇಲೆ. ಸೀನ ಸದ್ದಿಲ್ಲದೆ ಹೊಟ್ಟೆ ಒಳಗೆ ಎಳೆದುಕೊಂಡು ಎದೆ ಉಬ್ಬಿಸಿದ. ಪಿಸಿಗೆ ಬೇಕಾದದ್ದು ಎತ್ತರ 168, ಎದೆ 86, ಉಬ್ಬಿಸಿದರೆ ಇನ್ನೂ 5 ಸೆಂಟಿಮೀಟರ್. ಯಾರೂ ಅಳೆಯುತ್ತಿರಲಿಲ್ಲ.

"ಟೀ ಕೊಡಿ ಅಕ್ಕ. ಇಲ್ಲಿ ನಾಲ್ಕನೇ ಕ್ರಾಸಲ್ಲಿ ಹನುಮಂತಪ್ಪ ಅಂತ ಯಾರಿದ್ದಾರೆ? ಸಮನ್ಸ್ ಕೊಡಬೇಕು. ಡೋರ್ ನಂಬರ್ ಯಾವುದೂ ತಾಳೆ ಆಗ್ತಿಲ್ಲ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲಿಯೋನ್ ಗೊತ್ತು, ಹಾಟ್ ಸ್ಪ್ರಿಂಗ್ಸ್ ಗೊತ್ತು. ನಾಲ್ಕನೇ ಕ್ರಾಸಿನಲ್ಲಿ ಇವರೇ ಎರಡು ವರ್ಷದಿಂದ ರೂಮು ಮಾಡಿಕೊಂಡಿದ್ದಾರೆ.

ಗೌರಕ್ಕ ಟೀ ಸೋಸುತ್ತಲೇ ಕೇಳಿದಳು. "ಯಾವ ಹನುಮಂತಪ್ಪ? ಮೂರು ಜನ ಇದ್ದಾರೆ. ಗಾರೆ ಕೆಲಸದವನಾ?"

"ಹೌದು, ಅವನೇ."

"ಹಾಗಾದ್ರೆ ಹಾಲಿನ ಸಿದ್ದಪ್ಪನ ಬೀಗರ ತಂಗಿ ಮಗ. ಸಿದ್ದಪ್ಪನ ಮನೆ ಹಿಂದೆ, ನೀಲಿ ಗೇಟು. ಈಗ ಹೋದ್ರೆ ಸಿಗ್ತಾನೆ, ಎಂಟು ಗಂಟೆಗೆ ಕೆಲಸಕ್ಕೆ ಹೋಗ್ತಾನೆ."

"ಗೊತ್ತಾಯ್ತು ಬಿಡಿ" ಎಂದ ಕಾನ್‌ಸ್ಟೇಬಲ್, ಎರಡೇ ಗುಟುಕಿಗೆ ಟೀ ಕುಡಿದು ಬೈಕ್ ಒದ್ದು ಹೊರಟೇಹೋದ.

ಶಿವು ಆಗಲೇ ಪೇಪರಿನ ಖಾಲಿ ಜಾಗದಲ್ಲಿ ಚಿತ್ರ ಶುರು ಮಾಡಿದ್ದ. ಗಂಡಿಗೆ ಪ್ಲಸ್, ಹೆಣ್ಣಿಗೆ ಮೈನಸ್, ಮದುವೆಗೆ ಎರಡು ಗೆರೆ. ಸಿದ್ದಪ್ಪ ಪ್ಲಸ್. ಬೀಗರು ಪ್ಲಸ್. ತಂಗಿ ಮೈನಸ್. ಹನುಮಂತಪ್ಪ ಪ್ಲಸ್. ಗೀತಾ ಬಗ್ಗಿ ನೋಡಿ ತಡೆದಳು. "ತಾಳು. ಬೀಗರು ಅಂದ್ರೆ ಸಿದ್ದಪ್ಪನ ಮಗಳ ಮಾವನಾ, ಮಗನ ಮಾವನಾ? ಪ್ರಶ್ನೇಲಿ ಅದೇ ಇಲ್ಲ." ಸೀನ ಇನ್ನೊಂದು ಗೆರೆ ಎಳೆದ. ಚಿತ್ರ ಜಾತ್ರೆಯ ರಂಗೋಲಿಯಂತಾಯಿತು. ಅಷ್ಟರಲ್ಲಿ ಬೈಕ್ ವಾಪಸ್ ಬಂದು, ನಮ್ಮ ಮುಂದೆಯೇ ಹಾದು, ಸ್ಟೇಷನ್ ಕಡೆ ತಿರುಗಿತು. ಸಮನ್ಸ್ ಜಾರಿಯಾಗಿರಬೇಕು.

ಮಂಜ ಪೆನ್ನಿನ ತುದಿ ಕಚ್ಚುತ್ತಾ ತಲೆ ಎತ್ತಿದ. "ಅಕ್ಕ, 'ಕೊಟ್ಟಿರುವ ಮಾಹಿತಿ ಸಾಲದು' ಅಂತ ಆಯ್ಕೆ ಇದೆಯಾ?"

"ಐದು ಟೀ, ಮೂರು ಬಿಸ್ಕತ್ತು" ಎಂದಳು ಗೌರಕ್ಕ. "ಆ ಲೆಕ್ಕ ಹಾಕು ಮೊದಲು."